ಕಾಕಾನ ಕಲ್ಲು, ಕಾಕಿಯ ದೇವರು

ನಮ್ಮ ಕಾಕಾನಷ್ಟು ದೇವರ ನೆನಪು ಮಾಡುವ ಮನುಷ್ಯನನ್ನು ನಾನು ಸೇಡಮ್ಮಿನಿಂದ ಶಹಾಬಾದಿನವರೆಗೆ ಎಲ್ಲಿಯೂ ಕಂಡಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ದೇವರು, ಊಟಕ್ಕೆ ಕುಳಿತರೆ ದೇವರು, ಚಪ್ಪಲಿಯ ಬಾರು ಹರಿದರೂ ದೇವರು! ಮಹಾಭಕ್ತನಿರಬೇಕು ಅಂದುಕೊಂಡಿರಾ? ಛೆ! ಕಾಕಾ ಪಕ್ಕಾ ನಾಸ್ತಿಕ. ದೇವರು ಇಲ್ಲವೇ ಇಲ್ಲ ಎಂಬುದು ಅವನ ವಾದ. ಹಾಗಾದರೆ ಇಲ್ಲದವನನ್ನು ಹೀಗೆ ದಿನವಿಡೀ ಬೈಯುವುದು ಯಾಕೆ ಎಂದು ಕೇಳಿದರೆ, "ಇದ್ದಿದ್ರ ಒಂದು ಸಲ ಬೈದು ಬಿಡ್ತಿದ್ದೆ. ಇಲ್ಲಲ್ಲ, ಅದಕ್ಕ ಎಷ್ಟು ಬೈದ್ರೂ ಮುಟ್ಟವಲ್ದು!" ಎನ್ನುತ್ತಿದ್ದ. ಇಂಥ ತರ್ಕದ ಎದುರು ಯಾರು ನಿಲ್ಲಬೇಕು?

ಪೊಲೀಸ್ ಆ್ಯಕ್ಷನ್ ಆಗಿ ನವಾಬರ ಆಳಿಕೆ ಮುಗಿದ ಮೇಲೆ ನಮ್ಮ ಕಡೆ ಕನ್ನಡ ಸಾಲೆಗಳು ಒಂದೊಂದಾಗಿ ತೆರೆದವು. ನನಗೆ ಶಹಾಬಾದಿನಲ್ಲಿ ಮಾಸ್ತರಿಕೆ ಸಿಕ್ಕಿತು. ಐನಾಪುರದ ನಮ್ಮ ಮನೆಯಿಂದ ಹೊರಟಾಗ ಅವ್ವ ಹೇಳಿದ್ದು ಇಷ್ಟೆ: "ಕಾಕಾನ ಮನ್ಯಾಗ ಇರು. ಕಾಕಿ ಮಾಡಿದ್ದು ಉಣ್ಣು. ಕಾಕಾನ ಮಾತು ಮಾತ್ರ ತಲಿಗಿ ಹಚ್ಕೋಬ್ಯಾಡ." ಮಕ್ಕಳಿಲ್ಲದ ಆ ಮನೆಯಲ್ಲಿ ನನಗೆ ಒಂದು ಕೋಣೆ, ಎರಡು ಹೊತ್ತು ಬಿಸಿ ರೊಟ್ಟಿ, ಮೂರು ಹೊತ್ತೂ ನಾಸ್ತಿಕವಾದ!

ಕಾಕಾ ಕಲ್ಲಿನ ಖಣಿಯಲ್ಲಿ ಮುಕಾದಮ. ನೆಲಕ್ಕೆ ಹಾಸುವ ಫರಸಿಗಲ್ಲು ಎಬ್ಬಿಸುವುದು, ಹೊರಿಸುವುದು, ಗಾಡಿಗೆ ಏರಿಸುವುದು ಅವನ ಉಸ್ತುವಾರಿ. ಆಳು ಕಡಿಮೆ ಬಿದ್ದರೆ ತಾನೇ ಕೈ ಹಚ್ಚುತ್ತಿದ್ದ. ತೆಳ್ಳನೆಯ ಫರಸಿ ಬಿದ್ದರೆ ಮುಗಿಯಿತು, ಹಪ್ಪಳದ ಹಾಗೆ ಮುರಿಯುತ್ತದೆ. ಕಾಕಾನ ಕೈಯಿಂದ ಒಂದು ಫರಸಿ ಜಾರಿತೆಂದು ಶಹಾಬಾದಿನಲ್ಲಿ ಯಾರೂ ಹೇಳಿದ್ದಿಲ್ಲ. ಅವನ ಬಾಯಿಂದ ಜಾರಿದ ಮಾತುಗಳಿಗೆ ಮಾತ್ರ ಲೆಕ್ಕವಿಲ್ಲ.

ಅವನು ಹುಟ್ಟಿನಿಂದ ಹೀಗಿದ್ದವನಲ್ಲ. ನಮ್ಮೆಲ್ಲರ ಹಾಗೆ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದವನೇ. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ವರ್ಷ ಮೊದಲು ಒಂದು ದೇವರ ಹೆಸರು ಕೂಗುತ್ತ ಬಂದವರು ಖಣಿಯ ಗುಡಿಸಲುಗಳ ಮೇಲೆ ಕಲ್ಲು ತೂರಿ ಬೆಂಕಿ ಇಟ್ಟರು. ಆಮೇಲೆ ಇನ್ನೊಂದು ದೇವರ ಹೆಸರು ಕೂಗುತ್ತ ಬಂದವರು, ಕಾಕಾನಿಗೆ ಕಲ್ಲಿನ ಕೆಲಸ ಕಲಿಸಿದ ಮುದುಕ ಸಾಹೇಬನನ್ನು ಕಲ್ಲಿನಿಂದಲೇ ಹೊಡೆದು ಕೊಂದರು. "ದೇವರು ಬ್ಯಾರೆ ಬ್ಯಾರೆ ತಮ್ಮಾ, ಕಲ್ಲು ಮಾತ್ರ ಎರಡೂ ಸಲ ನಮ್ಮ ಖಣಿವಽ" ಎಂದು ಕಾಕಾ ನನಗೆ ಹೇಳಿದ್ದು ಒಂದೇ ಸಲ. ಆಗ ಅವನು ನಗುತ್ತಿರಲಿಲ್ಲ.

ಮುದುಕನನ್ನು ಮಣ್ಣು ಮಾಡಿ ಬಂದ ದಿನ ಕಾಕಾ ಕೊರಳಿನ ಲಿಂಗ ಬಿಚ್ಚಿ ಕಾಕಿಯ ಮುಂದೆ ಇಟ್ಟನಂತೆ. "ಇದೂ ಒಂದು ಕಲ್ಲು. ಇದರ ಮ್ಯಾಲಿನ ವಿಶ್ವಾಸ ಹೋತು ನನಗ." ಮೈಮೇಲೆ ಲಿಂಗವಿಲ್ಲದವನು ನಮ್ಮವರ ಕಣ್ಣಿಗೆ ಹೆಣಕ್ಕೆ ಸಮ. ಬೇರೆ ಹೆಂಗಸಾಗಿದ್ದರೆ ಬಾವಿಗೆ ಓಡುತ್ತಿದ್ದಳೋ ಏನೋ. ಕಾಕಿ ಸೆರಗೊಡ್ಡಿ ಆ ಲಿಂಗ ತೆಗೆದುಕೊಂಡು ದೇವರ ಜಗಲಿಯ ಮೇಲೆ ಇಟ್ಟಳು. ದಿನಾ ಬೆಳಿಗ್ಗೆ ತನ್ನ ಲಿಂಗಪೂಜೆ ಮುಗಿಸಿ, ಅದಕ್ಕೂ ನೀರು ಹಾಕಿ ವಿಭೂತಿ ಹಚ್ಚುತ್ತಿದ್ದಳು. ಗಂಡ ಬಿಟ್ಟ ದೇವರನ್ನು ಹೆಂಡತಿ ಸಾಕಿದಳು ಎನ್ನಿ!

ಕಾಕಾ ಬಿಟ್ಟದ್ದು ಲಿಂಗವೊಂದನ್ನೇ ಆಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮರ್ಯಾದೆಯನ್ನೂ ಜೊತೆಗೇ ಬಿಟ್ಟಿದ್ದ. ಒಮ್ಮೆ ಅವನೊಂದಿಗೆ ಚಿತ್ತಾಪುರಕ್ಕೆ ಹೊರಟಿದ್ದೆ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಗಾಡಿಯೋ ಬರುವ ಲಕ್ಷಣವೇ ಇಲ್ಲ. ಪಕ್ಕದಲ್ಲಿ ಒಬ್ಬ ಮುದುಕಿ ಆಕಾಶಕ್ಕೆ ಕೈ ಮುಗಿದು ಏನೋ ಬೇಡಿಕೊಳ್ಳುತ್ತಿದ್ದಳು. ಕಾಕಾನ ನಾಲಿಗೆ ಸುಮ್ಮನಿರುತ್ತದೆಯೇ?

"ಯವ್ವಾ, ಮ್ಯಾಲ ಯಾರೂ ಇಲ್ಲ. ಮುಗಿಯೂದಿದ್ರ ಆ ಸಿಗ್ನಲ್ಲಿಗಿ ಕೈ ಮುಗಿ. ಅದು ಬಿದ್ರ ಗಾಡಿ ಬರ್ತದ."

ಪ್ಲಾಟ್‌ಫಾರ್ಮಿನ ಮಂದಿ ನಕ್ಕರು. ಮುದುಕಿ ತಿರುಗಿ ನೋಡಿದಳು. "ಅದನ್ನ ಬೀಳಸಾವ ಒಬ್ಬಂವ ಇರಬೇಕಲ್ಲೋ ಯಪ್ಪಾ?"

ಮಂದಿ ಇನ್ನೂ ಜೋರಾಗಿ ನಕ್ಕರು. ಕಾಕಾ ಸೋಲುವ ಕುಳವೇ? "ಇದ್ದಾನ ಬಿಡು, ಕೇಬಿನ್ನಿನಾಗ ಬೀಡಿ ಸೇದಕೋತ ಕುಂತಾನ. ಅವಗ ತಿಂಗಳಾ ಪಗಾರ ಬರ್ತದ, ನಿನ್ನ ಕಾಯಿ-ಕರ್ಪೂರ ಬ್ಯಾಡ!"

ಮುದುಕಿ ಮತ್ತೆ ಆಕಾಶಕ್ಕೇ ಕೈ ಮುಗಿದಳು. ಆಕೆಯ ಜೊತೆಗಿದ್ದವನು ನನ್ನ ಕಿವಿಯಲ್ಲಿ ಹೇಳಿದ: ಚಿತ್ತಾಪುರದಲ್ಲಿ ಮಗಳು ತೀರಿಕೊಂಡಿದ್ದಾಳೆ, ಗಾಡಿ ಹೊತ್ತಿಗೆ ಬರದಿದ್ದರೆ ಮಗಳ ಮುಖ ನೋಡಲು ಸಿಗುವುದಿಲ್ಲ. ನಾನು ಕಾಕಾನಿಗೆ ಹೇಳಿದೆ. ಅವನ ಮುಖ ಸುಣ್ಣದ ಹಾಗಾಯಿತು. ಆದರೆ ತಪ್ಪಾಯಿತು ಎಂಬ ಮಾತು ಅವನ ಬಾಯಿಗೆ ಬರುವಂಥದಲ್ಲ. ಚಿತ್ತಾಪುರದಲ್ಲಿ ಮುದುಕಿಯ ಗಂಟು ತಾನೇ ಹೊತ್ತು ಇಳಿಸಿದ, ಅಷ್ಟೆ. ಗಂಟು ಹೊತ್ತರೆ ಆಡಿದ ಮಾತು ವಾಪಸ್ಸು ಬರುತ್ತದೆಯೇ?

ಇನ್ನು ನಮ್ಮ ಓಣಿಯ ಭಕ್ತರೇನು ಕಡಿಮೆಯೇ? ಸಂಜೆಯಾದರೆ ಕಟ್ಟೆಯ ಮೇಲೆ ಕುಳಿತು "ಎಲ್ಲಾರೂ ಶಿವನ ಮಕ್ಕಳು" ಎಂದು ಗದ್ಗದರಾಗುವ ಜನ. ಕಾಕಾ ಆ ಕಟ್ಟೆಯ ಮೇಲೆ ಕುಳಿತು ಎದ್ದರೆ, ಅವನು ಓಣಿ ದಾಟುವ ಮೊದಲೇ ಅಲ್ಲಿ ಸಗಣಿ ಸಾರಿಸುತ್ತಿದ್ದರು. ಮದುವೆ ಮನೆಯಲ್ಲಿ ಅವನ ಎಲೆ ಪಂಕ್ತಿಯ ಹೊರಗೆ, ಚಪ್ಪಲಿಗಳ ಪಕ್ಕ. ಶಿವನ ಮಕ್ಕಳ ಪಟ್ಟಿಯಲ್ಲಿ ಕಾಕಾನ ಹೆಸರು ಬಿಟ್ಟು ಹೋಗಿತ್ತು ಅನ್ನಿಸುತ್ತದೆ!

ಕಾಕಾ ಇದಕ್ಕೆ ಮಾಡಿದ್ದೇನು ಗೊತ್ತೇ? ನಾಗರಪಂಚಮಿಯ ಹಿಂದಿನ ದಿನ ಬೆಳಿಗ್ಗೆಯೇ ಎದ್ದು ಓಣಿಯ ಒಂದೊಂದು ಕಟ್ಟೆಯ ಮೇಲೂ ಎರಡು ನಿಮಿಷ ಕುಳಿತು ಬಂದ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಸಾರಿಸಿ ಥಳಥಳ! "ನೋಡು ತಮ್ಮಾ, ಹಬ್ಬಕ್ಕ ಓಣಿ ಹ್ಯಾಂಗ ಸ್ವಚ್ಛ ಮಾಡಿಸೀನಿ" ಎಂದು ಮೀಸೆ ತಿರುವಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಕಿ ನಗಲಿಲ್ಲ. ಮರುದಿನ ಹುತ್ತಕ್ಕೆ ಹಾಲೆರೆಯಲು ಹೋದಾಗ ಅಕ್ಕಪಕ್ಕದ ಹೆಂಗಸರು ಅವಳ ನೆರಳಿನಿಂದಲೂ ದೂರ ಸರಿದು ನಿಂತರಂತೆ. ಗಂಡನ ಚೇಷ್ಟೆಗೂ ಊರಿನ ಮಡಿಗೂ ಬೆಲೆ ತೆತ್ತವಳು ಅವಳೊಬ್ಬಳೇ. ಈ ಮಾತು ಎರಡೂ ಕಡೆಯವರಿಗೆ ಹೊಳೆಯಲಿಲ್ಲ. ನನಗೆ ಇಂದಿಗೂ ಇಬ್ಬರ ಮೇಲೂ ಸಿಟ್ಟಿದೆ.

ಅದೇ ಶ್ರಾವಣದಲ್ಲಿ ಓಣಿಗೆಲ್ಲ ಗುರುವಾದ ಅಯ್ಯನವರನ್ನು ಕಾಕಿ ಪಾದಪೂಜೆಗೆ ಕರೆದಳು. ಎಷ್ಟೋ ಹೇಳಿಸಿಕೊಂಡ ಮೇಲೆ, ನಾಸ್ತಿಕನ ಮನೆಗೆ ಬರುವ ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತಿನಲ್ಲಿ ಅಯ್ಯನವರು ಬಂದರು. ಕಾಕಿ ಅವರ ಕಾಲು ತೊಳೆದು, ಆ ನೀರನ್ನು ಬಟ್ಟಲಲ್ಲಿ ಹಿಡಿದು ತುಟಿಯ ಹತ್ತಿರ ತಂದಿದ್ದಳು. ಖಣಿಯಿಂದ ಕಾಕಾ ಬಂದವನೇ ಬಾಗಿಲಲ್ಲಿ ನಿಂತ.

"ಅಯ್ಯನವರ, ಸಿಮೆಂಟ ಫ್ಯಾಕ್ಟರಿ ದಾರೀಲೆ ನಡಕೋತ ಬಂದೀರಿ. ಆ ನೀರು ಕುಡದ್ರ ಇಕಿ ಹೊಟ್ಟ್ಯಾಗ ಗಚ್ಚು ಕಟ್ಟೀತು!"

ನೆರೆದ ಹೆಂಗಸರಲ್ಲಿ ಇಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಅಯ್ಯನವರು ತಟ್ಟೆ ಒದ್ದು ಎದ್ದರು. "ಲಿಂಗ ಇಲ್ಲದ ಹೆಣಾ ನೀನು! ನಾ ಇನ್ನ ಈ ಹೊಸ್ತಲಾ ತುಳದ್ರ ಕೇಳು" ಎಂದು ಹೊರಟೇ ಹೋದರು. ಕಾಕಿ ಮಾತ್ರ ಬಟ್ಟಲನ್ನು ಕೆಳಗಿಡದೆ ಪೂರ್ತಿ ಕುಡಿದಳು. ಆಮೇಲೆ ಗಂಡನ ಮುಖ ನೋಡಿ, ಏರು ದನಿಯೇನೂ ಇಲ್ಲದೆ ಹೇಳಿದಳು: "ದೇವರಿಗಿ ಬೈರಿ, ನಾ ಬ್ಯಾಡ ಅನ್ನಂಗಿಲ್ಲ. ಅವಗ ಕಿವಿ ಇಲ್ಲಂತ ನೀವಽ ಅಂತೀರಿ. ನನಗ ಕಿವಿ ಅವ." ಕಾಕಾ ಅಂದು ಊಟ ಮಾಡಲಿಲ್ಲ. ಮರುದಿನದಿಂದ ಮತ್ತೆ ಶುರು!

ದೀಪಾವಳಿಗೆ ಮೊದಲು ಕಾಕಿಗೆ ಜ್ವರ ಹತ್ತಿತು. ಇಳಿಯದ ಜ್ವರ. ಮೈಯಲ್ಲಿ ಶಕ್ತಿಯಿಲ್ಲದೆ ಕೈಗಳು ನಡುಗತೊಡಗಿದವು. ಲಿಂಗಪೂಜೆ ಆಗದೆ ಹನಿ ನೀರು ಕುಡಿಯದ ವ್ರತ ಅವಳದು. ಪೂಜೆಗೆ ಎಡ ಅಂಗೈಯಲ್ಲಿ ಲಿಂಗ ಹಿಡಿಯಬೇಕು. ಜಾರಿ ನೆಲಕ್ಕೆ ಬಿದ್ದರೆ? ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕೆಂದು ನಂಬಿದ ಜೀವ. ಅದಕ್ಕೇ ಅವಳು ಲಿಂಗವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಪೂಜೆಯಿಲ್ಲ, ಆದ್ದರಿಂದ ನೀರೂ ಇಲ್ಲ. ಡಾಕ್ಟರು ಬಂದು, ನೀರು ಇಳಿಯದಿದ್ದರೆ ಔಷಧ ಏನೂ ಮಾಡಲಾರದು ಎಂದು ಹೇಳಿ ಹೋದರು. ತಾವೇ ಮುಂದೆ ಕುಳಿತು, ಅವಳ ಕೈಗೆ ಆಸರೆ ಕೊಟ್ಟು ಪೂಜೆ ಮಾಡಿಸಬಲ್ಲವರು ಅಯ್ಯನವರು ಒಬ್ಬರೇ.

ಕಾಕಾ ಹೋದ. ಹೌದು, ನಮ್ಮ ಕಾಕಾನೇ! ನಾನೂ ಬೆನ್ನಿಗೆ ಹೋದೆ. ಅಯ್ಯನವರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕುಂದ್ರಿ ಅನ್ನಲಿಲ್ಲ.

"ಅಯ್ಯನವರ, ಅಕಿ ಕೈ ನಡಗಲಿಕತ್ತಾವ. ಬಂದು ಪೂಜಾ ಮಾಡಸ್ರಿ. ನನ್ನ ಮ್ಯಾಲ ಎಷ್ಟು ಸಿಟ್ಟದ, ಅಷ್ಟೂ ಆಮ್ಯಾಲ ತೀರಸ್ಕೋರಿ" ಎಂದ ಕಾಕಾ.

"ಲಿಂಗ ಕಟ್ಕೊಂಡು ಬಾ. ಮಂದಿ ಮುಂದ ಅಡ್ಡ ಬೀಳು. ಬರ್ತೀನಿ."

"ನಿನ್ನಿಯಿಂದ ಹನಿ ನೀರು ಕುಡದಿಲ್ರಿ ಅಕಿ."

"ಹಂಗಾರ ಲಗೂ ಕಟ್ಕೋ."

ಕಲ್ಲಿನ ಜೊತೆ ಬದುಕಿದವನು ಕಾಕಾ, ಕಲ್ಲಾಗಿದ್ದವರು ಇವರು. ಕಾಕಾ ಈಗ ಸಿಡಿಯುತ್ತಾನೆ ಎಂದುಕೊಂಡೆ. ಅವನು ತಲೆ ಬಗ್ಗಿಸಿ "ಆತ್ರಿ, ಕಟ್ಕೋತೀನಿ" ಎಂದ.

ಮನೆಗೆ ಬಂದು ನೇರ ಜಗಲಿಗೆ ಹೋಗಿ, ತಾನು ಬಿಟ್ಟ ಲಿಂಗಕ್ಕೆ ಕೈ ಹಾಕಿದ. ಹಾಸಿಗೆಯಿಂದ ಕಾಕಿಯ ದನಿ ಬಂತು. "ಏನ್ ಮಾಡಾಕತ್ತೀರಿ?"

"ಇದನ್ನ ಕಟ್ಕೊಂಡ್ರ ಅಯ್ಯ ಬರ್ತಾನಂತ."

"ಮತ್ತ, ವಿಶ್ವಾಸ ಬಂತೇನು ನಿಮಗ?"

ಕಾಕಾ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಊರನ್ನೆಲ್ಲ ಕೆಣಕಿದ ಆ ನಾಲಿಗೆಗೆ ಅವಳ ಮುಂದೆ ಸುಳ್ಳು ಹೊರಳಲಿಲ್ಲ. "ಇಲ್ಲ" ಎಂದ.

"ಹಂಗಾರ ಇಡ್ರಿ ಅಲ್ಲೇ. ಇಷ್ಟು ದಿನಾ ಅದಕ್ಕ ನೀರು ಹಾಕೀನಿ. ಸುಳ್ಳಾಡಿ ಕಟ್ಕೊಳ್ಳಲಿ ಅಂತಲ್ಲ."

"ನಾ ಕೈ ಹಿಡೀತೀನಿ ಕಾಕಿ" ಎಂದೆ ನಾನು. ನನ್ನ ಕೊರಳಲ್ಲಿ ಲಿಂಗವಿತ್ತಲ್ಲ. ಕಾಕಿ ನನ್ನ ಕೈ ನೋಡಿದಳು. "ನಿನ್ನ ಕೈ ನನ್ನವಕ್ಕಿಂತ ಜಾಸ್ತಿ ನಡಗಾಕತ್ತಾವ ತಮ್ಮಾ." ಆಮೇಲೆ ಗಂಡನನ್ನು ಕರೆದಳು.

"ನೀವು ಬರ್ರಿ. ಕಲ್ಲು ಅಂತೀರಲ್ಲ ಇದಕ್ಕ? ಕಲ್ಲು ಹಿಡಿಯೂದ್ರಾಗ ನಿಮ್ಮಂಥ ಕೈ ಈ ಶಹಾಬಾದಿನಾಗ ಇಲ್ಲ. ನನ್ನ ಕೈ ಕೆಳಗ ನಿಮ್ಮ ಕೈ ಇಡ್ರಿ. ನಿಮಗದು ಕಲ್ಲಽ ಇರ್ಲಿ, ನನಗ ದೇವರು. ಬೀಳಬಾರದು, ಅಷ್ಟಽ."

ಲಿಂಗವಿಲ್ಲದವನ ಕೈ ಪೂಜೆಯ ಹತ್ತಿರ ಬರಬಾರದೆಂಬ ಶಾಸ್ತ್ರ ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಾಕಾ ಕೈಕಾಲು ತೊಳೆದು ಬಂದು ಕುಳಿತ. ಕಲ್ಲು ಹೊತ್ತು ದಡ್ಡುಗಟ್ಟಿದ ತನ್ನ ಅಂಗೈಯನ್ನು ಅವಳ ಅಂಗೈಯ ಕೆಳಗೆ ಇಟ್ಟ. ನಡುಕ ನಿಂತಿತು. ಕಾಕಿ ಲಿಂಗಕ್ಕೆ ನೀರು ಹಾಕಿದಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿ ಕಣ್ಣು ಮುಚ್ಚಿದಳು. ಅಷ್ಟು ಹೊತ್ತೂ ಕಾಕಾನ ಕೈ ಅಲುಗಲಿಲ್ಲ, ಬಾಯಿಂದ ಒಂದು ಬೈಗುಳ ಬರಲಿಲ್ಲ. ಅವಳು ಲೋಟದ ನೀರು ಗಟಗಟ ಕುಡಿದಾಗ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಂದಿನಿಂದ ದಿನಾ ಬೆಳಿಗ್ಗೆ ಹೀಗೆಯೇ ನಡೆಯಿತು. ಜ್ವರ ಮಾತ್ರ ನಂಬಿದವರ ಮಾತನ್ನೂ ಕೇಳಲಿಲ್ಲ, ನಂಬದವರ ಮಾತನ್ನೂ ಕೇಳಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಕಾಕಿ ಹೋದಳು.

ಕಾಕಿ ಜ್ವರದಲ್ಲಿ ಮಲಗಿದ್ದಾಗ ಹೊಸ್ತಿಲು ತುಳಿಯದ ಅಯ್ಯನವರು ಈಗ ಕರೆಯದೆಯೇ ಬಂದರು! ಶಿವಭಕ್ತೆಯ ಮಣ್ಣು ಶಾಸ್ತ್ರದಂತೆ ಆಗಬೇಕಲ್ಲ? ಒಂದೇ ಷರತ್ತು: ಲಿಂಗವಿಲ್ಲದವನು ರುದ್ರಭೂಮಿಯ ಗೋಡೆಯ ಒಳಗೆ ಕಾಲಿಡಕೂಡದು. ಓಣಿಯವರೆಲ್ಲ ಹೌದೆಂದು ತಲೆ ಆಡಿಸಿದರು. ಜಗಳಕ್ಕೆ ನಾನೇ ಮುಂದಾದೆ. ಕಾಕಾ ನನ್ನ ತೋಳು ಹಿಡಿದ. "ಇವತ್ತ ಬ್ಯಾಡ. ಅಕಿಗಿ ಕಿವಿ ಅವ" ಎಂದು, ತನ್ನ ಖಣಿಯ ಕಲ್ಲಿನಿಂದಲೇ ಕಟ್ಟಿದ ಆ ಗೋಡೆಯ ಹೊರಗೆ ನಿಂತುಬಿಟ್ಟ.

ಒಳಗೆ ಕುಣಿಯಲ್ಲಿ ಕಾಕಿಯನ್ನು ಕೂರಿಸಿದರು. ಎಡ ಅಂಗೈ ಬಿಡಿಸಿ ಅವಳ ಲಿಂಗವಿಟ್ಟರು. ವಿಭೂತಿ, ಪತ್ರಿ, ಆಮೇಲೆ ಮಣ್ಣು. ಎಲ್ಲ ಮುಗಿಸಿ ನಾನು ಹೊರಗೆ ಬಂದಾಗ ಕಾಕಾ ಬಿಟ್ಟಲ್ಲಿಯೇ ನಿಂತಿದ್ದ.

"ಕುಣ್ಯಾಗ ಅಕಿ ಕೈ ಕೆಳಗ ಯಾರು ಹಿಡದಿದ್ರು?"

"ನಾನಽ ಹಿಡದಿದ್ದೆ ಕಾಕಾ."

"ನಡಗಲಿಲ್ಲಲ್ಲ ನಿನ್ನ ಕೈ?"

"ಇಲ್ಲ."

"ಬೀಳಲಿಲ್ಲಲ್ಲ?"

"ಇಲ್ಲ ಕಾಕಾ. ಬೀಳಲಿಲ್ಲ."

ಆಗ ಕಾಕಾ ಗೋಡೆಗೆ ಹಣೆ ಹಚ್ಚಿ ಅತ್ತ.