ಅರ್ಧ ವಾದ, ಅರ್ಧ ಟಿಕೆಟ್ಟು

ಲೋಕ ಕೆಟ್ಟಿತೆಂದು ಗೋಳಿಡುವ ಮುದುಕರ ಸಾಲಿನಲ್ಲಿ ಕೂರಬಾರದೆಂದು ನಾನು ಬಹುಕಾಲ ಎಚ್ಚರದಿಂದಿದ್ದೆ. ಆದರೆ ಕೈಗೆ ಈ ಫೋನು ಬಂದಂದಿನಿಂದ, ಬೆಳಗಾದರೆ ಒಂದಲ್ಲ ಒಂದು ಪ್ರಸಂಗ ತಾನಾಗಿ ಹುಡುಕಿಕೊಂಡು ಬಂದು ನನ್ನನ್ನು ಆ ಸಾಲಿನ ಮುಂಭಾಗಕ್ಕೇ ತಂದು ಕೂರಿಸುತ್ತಿದೆ. ಒಂದರ ಬಾಲ ಹಿಡಿದು ಮತ್ತೊಂದು ಬಂದ ಕೆಲವನ್ನು ಇಲ್ಲಿ ಹೇಳುತ್ತೇನೆ. ನಗುವವರು ನಗಲಿ. ಅವು ನಡೆಯುತ್ತಿದ್ದಾಗ ನನಗೆ ನಗು ಬಂದಿರಲಿಲ್ಲ.

೧. ಬಳಗಪ್ರವೇಶ

ನಾನು ಮಧುಗಿರಿಯಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ಶಿರಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರು ನನ್ನ ಮಿತ್ರರು. ಅವರ ಕಂಠ ದೈವದತ್ತವಾದದ್ದು. ಹಳೆಯ ಕಾವ್ಯವನ್ನು ಅವರು ರಾಗವಾಗಿ ಓದುವುದು, ಪದ್ಯವೊಂದು ಮುಗಿದಂತೆ ನಾನು ಅದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳುವುದು, ಹೀಗೆ ಯೌವನದಿಂದಲೂ ನಾವಿಬ್ಬರು ನಾಲ್ಕು ತಾಲ್ಲೂಕುಗಳ ಊರೂರು ಸುತ್ತಿದ್ದೇವೆ. ಅವರಿಲ್ಲದೆ ನಾನು ವೇದಿಕೆಯೇರಿದರೆ ಅರ್ಥ ಹೇಳಲು ಪದ್ಯವೇ ಇರುವುದಿಲ್ಲ. ನಾನಿಲ್ಲದೆ ಅವರು ಏರಿದರೆ ಪದ್ಯವಿರುತ್ತದೆ, ಜನವಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರು ಅದನ್ನು ಒಪ್ಪುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸಾಹಿತ್ಯಾಸಕ್ತರು ಸೇರಿ ವಾಟ್ಸಾಪಿನಲ್ಲಿ ಒಂದು ಬಳಗ ಕಟ್ಟಿ, ನಮ್ಮಿಬ್ಬರನ್ನೂ ಅದರೊಳಕ್ಕೆ ಎಳೆದುಕೊಂಡರು. ನಾನು ಮೊದಲ ದಿನವೇ ಕುಶಲಪ್ರಶ್ನೆಯಿಂದ ಆರಂಭಿಸಿ ಆಶೀರ್ವಾದದಲ್ಲಿ ಮುಗಿಯುವ ಸುದೀರ್ಘ ಪತ್ರವೊಂದನ್ನು ಬರೆದು ಹಾಕಿದೆ. ಯಾರೂ ಉತ್ತರಿಸಲಿಲ್ಲ. ಸೊಸೆಯನ್ನು ಕರೆದು ಕೇಳಿದೆ.

"ಮಾವ, ಇಷ್ಟುದ್ದ ಬರೆದ್ರೆ ಯಾರೂ ಓದಲ್ಲ. ತುಂಡು ತುಂಡು ಮಾಡಿ ಕಳ್ಸಿ."

"ತುಂಡರಿಸಿದರೆ ಅಭಿಪ್ರಾಯ ಕೆಡುವುದಿಲ್ಲವೇನಮ್ಮ?"

"ಅಭಿಪ್ರಾಯ ಯಾರು ನೋಡ್ತಾರೆ ಮಾವ, ಲೈಕ್ ಬಂದ್ರೆ ಆಯ್ತು."

ಈ ಉಪದೇಶವನ್ನು ನಾನು ಮನಸ್ಸಿನಲ್ಲಿಟ್ಟುಕೊಂಡದ್ದೇ ಮುಂದಿನ ಅನರ್ಥಗಳಿಗೆಲ್ಲ ಬೀಜವಾಯಿತು. ಅವಳು ಹೋಗುವಾಗ, ಸಂದೇಶ ಬಂದರೆ ನನಗೆ ತಿಳಿಯಲೆಂದು ಫೋನಿಗೆ ಮರಿಹಕ್ಕಿ ಕಿಚಿಗುಟ್ಟುವ ಸದ್ದೊಂದನ್ನು ಇಟ್ಟುಕೊಟ್ಟಳು. ಮರುದಿನ ಬೆಳಿಗ್ಗೆ ನಾಲ್ಕು ತಾಲ್ಲೂಕುಗಳವರೂ ಒಟ್ಟಿಗೆ ಶುಭೋದಯ ಕೋರಿದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಮಡದಿ ಸ್ಟೂಲು ಹತ್ತಿ, ಕೈಯಲ್ಲಿ ಪೊರಕೆ ಹಿಡಿದು, ಅಟ್ಟದ ಮೇಲೆ ಗುಬ್ಬಚ್ಚಿಯ ಗೂಡನ್ನು ಹುಡುಕುತ್ತಿದ್ದಳು.

೨. ಎದುರಾಳಿಯ ಮಾತು

ನಮ್ಮ ಭಾಗಕ್ಕೆ ಪ್ರತ್ಯೇಕ ಜಿಲ್ಲೆ ಬೇಕೆಂಬುದು ಹಳೆಯ ಮಾತು. ಆದರೆ ಜಿಲ್ಲೆಯಾದರೆ ಅದರ ಕೇಂದ್ರ ಮಧುಗಿರಿಯೋ ಶಿರಾವೋ ಎಂಬುದು ಎಂದೂ ಹಳತಾಗದ ಮಾತು. ಒಂದು ಬೆಳಿಗ್ಗೆ ಬಳಗದ ಅಡ್ಮಿನ್ ಆಗಿದ್ದ ಕೊರಟಗೆರೆಯ ನಿವೃತ್ತ ಮೇಷ್ಟ್ರು, ಬೇರೆ ಕೆಲಸವಿಲ್ಲದೆ, ಈ ಪ್ರಶ್ನೆಯನ್ನು ತಂದು ಹಾಕಿದರು. ಪಾವಗಡದ ಹಿರಿಯರೊಬ್ಬರಿದ್ದಾರೆ. ಅವರು ಬರೆಯುವುದಿಲ್ಲ, ತೆಲುಗು ಬೆರೆತ ತಮ್ಮ ದನಿಯನ್ನೇ ಕಳಿಸುತ್ತಾರೆ. ಅವರ ದನಿ ಮೊದಲು ಬಂತು: "ಏಮಂಡೀ, ಯಾವೂರಾದ್ರೂ ಮಾಡ್ಕಳ್ರಿ, ನಮ್ಗೆ ಬಸ್ಸು ಬುಡ್ರಿ ಸಾಕು." ಆ ಚರ್ಚೆಯಲ್ಲಿ ಬಂದ ವಿವೇಕದ ಮಾತು ಅದೊಂದೇ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಕಲಿತ ಶಾಸ್ತ್ರಪದ್ಧತಿಯಲ್ಲಿ ವಾದಕ್ಕೊಂದು ಕ್ರಮವಿದೆ. ಮೊದಲು ಎದುರಾಳಿಯ ಮಾತನ್ನು, ಅವನಿಗಿಂತಲೂ ಚೆನ್ನಾಗಿ, ಅವನೇ ತಲೆದೂಗುವಂತೆ ಹೇಳಬೇಕು. ಅದಾದ ಬಳಿಕವೇ ಅದನ್ನು ಖಂಡಿಸಿ ತನ್ನ ನಿಲುವನ್ನು ಸ್ಥಾಪಿಸುವ ಅಧಿಕಾರ. ನಾನು ಮಧುಗಿರಿಯ ಪರ. ಆದಕಾರಣ ಕ್ರಮ ತಪ್ಪದೆ ಶಿರಾದ ಪರ ಆರಂಭಿಸಿದೆ:

"ಶಿರಾ ನಗರವೇ ಕೇಂದ್ರವಾಗತಕ್ಕದ್ದು. ಹೆದ್ದಾರಿ ಅದರ ಮಗ್ಗುಲಲ್ಲಿದೆ. ನೆಲ ಸಮತಟ್ಟಾಗಿದೆ. ಮಧುಗಿರಿಯಲ್ಲಾದರೋ ಇರುವ ಜಾಗವನ್ನೆಲ್ಲ ಬೆಟ್ಟವೇ ಆಕ್ರಮಿಸಿರುವುದರಿಂದ, ಹೊಸ ಕಚೇರಿ ಕಟ್ಟಿದರೆ ಜನರು ಅರ್ಜಿ ಕೊಡಲು ಬಂಡೆಗೆ ಏಣಿ ಹಾಕಬೇಕಾದೀತು."

ಸೊಸೆಯ ಉಪದೇಶದಂತೆ ಈ ತುಂಡನ್ನು ಕಳಿಸಿ, ಖಂಡನೆಯ ತುಂಡನ್ನು ಊಟವಾದ ಮೇಲೆ ಬರೆಯೋಣವೆಂದುಕೊಂಡೆ. ಊಟವಾಯಿತು. ನಿದ್ರೆಯೂ ಆಯಿತು. ಎದ್ದು, ಮೊದಲು ಕಾಫಿ ಕುಡಿಯೋಣವೆಂದು ಬೀದಿ ತುದಿಯ ಹೋಟೆಲಿಗೆ ಹೋದೆ.

"ಏನ್ ಸಾಮಿ, ಹಿಂಗ್ ಮಾಡ್ಬುಟ್ರಿ," ಎಂದ ಹೋಟೆಲಿನವನು. "ಅರ್ಜಿ ಕೊಡಾಕೆ ಬಂಡೆಗೆ ಏಣಿ ಹಾಕ್ಬೇಕಾ?"

"ಅದು ನನ್ನ ಮಾತಲ್ಲಪ್ಪ. ಎದುರಾಳಿಯ ಮಾತು."

"ನಿಮ್ ಫೋನಿಂದ ಬಂದೈತೆ. ನಿಮ್ ಹೆಸ್ರೈತೆ, ನಿಮ್ ಫೋಟೋ ಐತೆ. ಎದುರಾಳಿ ನಿಮ್ ಮನೇಲೇ ಅವ್ನಾ?"

ಅದು ಆಗಲೇ ಬಳಗ ದಾಟಿ ನಾಲ್ಕು ತಾಲ್ಲೂಕುಗಳನ್ನೂ ಸುತ್ತಿತ್ತು. ಶಾಸ್ತ್ರಪದ್ಧತಿಯನ್ನು ವಿವರಿಸಲು ನಾನು ಬಾಯಿ ತೆರೆದೆ. ಅವನು ಒಳಗೆ ತಿರುಗಿ ಕೂಗಿದ: "ಲೇ, ಸಾಮಿಗೆ ಕಾಫಿ ಮಾಡ್ಬ್ಯಾಡ ಕಣ್ಲಾ. ಅವ್ರು ಶಿರಾಕ್ ಹೋಗಿ ಕುಡೀತಾರಂತೆ."

೩. ಸನ್ಮಾನ

ಕಾಫಿಯಿಲ್ಲದೆ ಮನೆಗೆ ಬಂದು, ಆ ಕೋಪವನ್ನೂ ಸೇರಿಸಿ ಖಂಡನೆ ಬರೆದೆ. ಒಳ್ಳೆಯ ಖಂಡನೆ. ಆದರೆ ಬೆಟ್ಟದ ಮರೆಯಲ್ಲಿರುವ ನಮ್ಮ ಬೀದಿಯಲ್ಲಿ ಸಿಗ್ನಲ್ ಎಂಬುದು ಅತಿಥಿಯಂತೆ, ಬಂದಾಗ ಬಂತು. ಸಂದೇಶ ಹೋಗದೆ ಫೋನಿನಲ್ಲೇ ಗಿರಗಿರನೆ ಸುತ್ತುತ್ತಿರುವಾಗ ಬಾಗಿಲಲ್ಲಿ ಜೀಪೊಂದು ನಿಂತಿತು.

ಶಿರಾದಿಂದ ಬಂದವರು. ಹಾರವಿತ್ತು, ಹಣ್ಣಿನ ಬುಟ್ಟಿಯಿತ್ತು. ಎಲ್ಲರಿಗಿಂತ ಮುಂದೆ, ಮುಖವೆಲ್ಲ ನಗುವಾಗಿ, ನನ್ನ ಸಾಹುಕಾರರು.

"ಪಂಡಿತ್ರೇ, ಮಧುಗಿರಿಯವರಾಗಿದ್ದೂ ನಮ್ಮೂರ ಪರ ನಿಂತ್ರಲ್ಲ. ಊರೆಲ್ಲ ನಿಮ್ದೇ ಮಾತು. ನೋಡಿ, ಅಂಗಡೀಲಿ ಇದ್ದದ್ರಲ್ಲೇ ಉಮ್ದಾ ಮಾಲು," ಎಂದು ಒಂದು ಜರಿಯ ಶಾಲನ್ನು ಬಿಚ್ಚಿದರು.

"ಸಾಹುಕಾರರೇ, ಅದು ವಾದದ ಪೂರ್ವಾರ್ಧ. ಉತ್ತರಾರ್ಧ ಇನ್ನೂ..."

"ಇದೇ ನೋಡ್ರಿ ಪಂಡಿತ್ರ ವಿನಯ," ಎಂದು ಅವರು ಉಳಿದವರ ಕಡೆ ತಿರುಗಿದರು. ನನ್ನ ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಶಾಲು ಬಂತು. ಫೋಟೋ ತೆಗೆಯಲೆಂದು ಎಲ್ಲರೂ ಫೋನೆತ್ತಿ ಹಿಡಿದ ಆ ಶುಭಮುಹೂರ್ತದಲ್ಲೇ ಸಿಗ್ನಲ್ ಬಂತು. ಎಲ್ಲರ ಫೋನುಗಳೂ ಒಮ್ಮೆಗೇ ಸದ್ದು ಮಾಡಿದವು. ಅವರಲ್ಲೊಬ್ಬರು ಗಟ್ಟಿಯಾಗಿ ಓದಿದರು:

"ಶಿರಾದ ನೆಲ ಸಮತಟ್ಟಾಗಿರುವುದು ಸೌಕರ್ಯವಲ್ಲ, ದಾರಿದ್ರ್ಯ. ಕಣ್ಣಿಗೊಂದು ಬೆಟ್ಟವೂ ಸಿಗದ ಊರಿನಲ್ಲಿ ಜಿಲ್ಲಾಧಿಕಾರಿಗಳು ಕಿಟಕಿ ತೆರೆದು ನೋಡುವುದಾದರೂ ಏನನ್ನು?"

ಸಾಹುಕಾರರ ಮುಖದ ನಗು ಇಳಿಯುವುದನ್ನು ನಾನು ನೋಡಿದೆ. ಇಷ್ಟು ವರ್ಷಗಳಲ್ಲಿ ಅವರ ಮುಖ ಹಾಗಾದದ್ದನ್ನು ನಾನು ಕಂಡಿರಲಿಲ್ಲ. ಕೊರಳಿಗೆ ಹಾಕಿದ ಹಾರವನ್ನು ಹಿಂದಕ್ಕೆ ತೆಗೆದುಕೊಳ್ಳಬಾರದೆಂಬುದು ಸಂಪ್ರದಾಯ. ಅವರು ಸಂಪ್ರದಾಯಸ್ಥರು, ಹಾರವನ್ನು ಮುಟ್ಟಲಿಲ್ಲ. ನನ್ನ ಹೆಗಲಿನಿಂದ ಶಾಲನ್ನು ಮಾತ್ರ ಮೆಲ್ಲಗೆ ತೆಗೆದು, ಮೊದಲಿನ ಮಡಿಕೆ ಎಲ್ಲೂ ತಪ್ಪದಂತೆ ಮಡಿಸಿ, ಕವರಿಗೆ ಹಾಕಿಕೊಂಡು ಜೀಪು ಹತ್ತಿದರು.

೪. ಎದುರುಬದುರು

ಅಂದಿನಿಂದ ಅವರು ಫೋನು ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ಒಂದು ಕಾವ್ಯವಾಚನಕ್ಕೆ ನಾವಿಬ್ಬರೂ ಒಪ್ಪಿಕೊಂಡು ಬಹಳ ದಿನವಾಗಿತ್ತು. ಅದು ತಪ್ಪಿದರೆ ಒಂದು ಸಭೆ ತಪ್ಪಿತೆಂದಲ್ಲ. ಈ ವಯಸ್ಸಿನಲ್ಲಿ ಒಮ್ಮೆ ನಿಂತ ವಾಚನ ಮತ್ತೆ ಆರಂಭವಾಗುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಬಸ್ಸು ಹತ್ತಿ ಶಿರಾಕ್ಕೆ ಹೋದೆ.

ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ನನ್ನನ್ನು ಕಂಡರು, ಮಾತಾಡಲಿಲ್ಲ. ಎದುರಿನ ಬೆಂಚಿನ ಮೇಲೆ ಕುಳಿತೆ. ಅವರು ಫೋನು ತೆಗೆದು ನಿಧಾನವಾಗಿ ಏನನ್ನೋ ಬರೆದರು. ನನ್ನ ಜೇಬಿನಲ್ಲಿ ಮರಿಹಕ್ಕಿ ಕಿಚಿಗುಟ್ಟಿತು. ತೆಗೆದು ನೋಡಿದರೆ, ಬಳಗದಲ್ಲಿ ಅವರ ಬರಹ:

"ಕೆಲವರು ಅಂಗಡಿಗೆ ಬಂದಿದ್ದಾರೆ. ಬಟ್ಟೆ ಬೇಕಿದ್ದರೆ ಕೇಳಲಿ."

ಉತ್ತರ ಕೊಡದಿರುವುದು ಮರ್ಯಾದೆಯಲ್ಲ. ನಾನೂ ಬಳಗದಲ್ಲೇ ಬರೆದೆ: "ಬಂದವರು ಒಂದು ಪಂಚೆಯನ್ನು ನೋಡಬಯಸುತ್ತಾರೆ."

ಅವರು ಎದ್ದು, ಪಂಚೆ ತೆಗೆದು ನನ್ನ ಮುಂದಿಟ್ಟು, ಮತ್ತೆ ಕುಳಿತು ಬರೆದರು: "ಅಂಚು ಸಣ್ಣದು. ದೊಡ್ಡ ಅಂಚಿನದು ಬೆಟ್ಟವಿರುವ ಊರಿನಲ್ಲೇ ಸಿಗಬಹುದು."

ನಾನು ಬರೆದೆ: "ಹೊಳವನಹಳ್ಳಿಗೆ ಬರುವುದುಂಟೋ ಇಲ್ಲವೋ?"

ಅವರು ಬರೆದರು: "ಕೊಟ್ಟ ಮಾತಿನ ಎರಡನೆಯ ತುಂಡು ಬೇರೆಯಾಗಿರುವ ಅಭ್ಯಾಸ ನಮ್ಮೂರಲ್ಲಿಲ್ಲ."

ಅಷ್ಟರಲ್ಲಿ ಪಾವಗಡದ ದನಿ ಬಂತು. ಇಬ್ಬರ ಫೋನಿನಿಂದಲೂ, ಒಂದರ ಹಿಂದೊಂದು, ಅಂಗಡಿಯೆಲ್ಲ ತುಂಬುವಂತೆ ಮೊಳಗಿತು:

"ಏಮಯ್ಯಾ, ಇಬ್ರೂ ಒಂದೇ ಅಂಗಡೀಲಿ ಕೂತ್ಕಂಡಿದ್ರೆ ಬಾಯಲ್ಲಿ ಮಾತಾಡ್ಕಳ್ರಯ್ಯಾ. ನಮ್ ಡೇಟಾ ಎಂದುಕು ಖರ್ಚು ಮಾಡಿಸ್ತೀರಾ?"

೫. ಹೊಳವನಹಳ್ಳಿ

ಸಾಹುಕಾರರು ಮಾತಿನಂತೆ ಬಂದರು. ನಾನು ಒಂದು ಬಸ್ಸಿನಲ್ಲಿ, ಅವರು ಮುಂದಿನ ಬಸ್ಸಿನಲ್ಲಿ. ಒಂದೇ ವೇದಿಕೆ, ಒಂದೇ ಜಮಖಾನ, ನಡುವೆ ಮೈಕು. ನಮಸ್ಕಾರವೂ ಇಲ್ಲ.

ವಾಚನದಲ್ಲಿ ಪದ್ಯವನ್ನು ಆರಿಸುವುದು ಓದುವವರ ಹಕ್ಕು. ಅವರು ಏನನ್ನು ಓದಿದರೂ ಅದರ ಅರ್ಥವನ್ನು ಕುಂದಿಲ್ಲದಂತೆ ಹೇಳುವುದು ನನ್ನ ಧರ್ಮ. ಅವರು ಕಾವ್ಯವನ್ನು ತೆರೆದು, ಇದ್ದ ಪ್ರಸಂಗಗಳನ್ನೆಲ್ಲ ಬಿಟ್ಟು, ಮಾತಿಗೆ ತಪ್ಪಿದ ಮಂತ್ರಿಯನ್ನು ಅರಸನು ತುಂಬಿದ ಸಭೆಯಲ್ಲಿ ಹೀನಾಯವಾಗಿ ಬೈಯುವ ಪದ್ಯಗಳನ್ನು ಎತ್ತಿಕೊಂಡರು. ಪ್ರತಿ ಪಾದದ ಕೊನೆಗೂ ನನ್ನ ಕಡೆಗೊಂದು ನೋಟ.

ನಾನು ಅರ್ಥ ಹೇಳಿದೆ. ಹೇಗೆ ಹೇಳಬೇಕೋ ಹಾಗೆಯೇ ಹೇಳಿದೆ. "ಬೆಳಿಗ್ಗೆ ಒಂದು ನುಡಿದು ಸಂಜೆಗೆ ಮತ್ತೊಂದು ನುಡಿಯುವವನು ಎಂಥವನು? ತನ್ನನ್ನು ನಂಬಿ ಶಾಲು ಹೊದಿಸಲು ಬಂದ ಸ್ನೇಹಿತನನ್ನು ಅವನ ಊರವರೆದುರಿಗೇ ತಲೆತಗ್ಗಿಸುವಂತೆ ಮಾಡಿದವನು. ಅವನ ವಿದ್ಯೆ ಯಾವ ಪುರುಷಾರ್ಥಕ್ಕೆ? ಶತ್ರು ಆಡಿದ ಮಾತು ಒಂದು ದಿನ ನೋಯಿಸೀತು. ಇವನು ಆಡಿದ್ದು, ಆ ಸ್ನೇಹಿತ ಹಳೆಯ ಪುಸ್ತಕ ತೆರೆದಾಗಲೆಲ್ಲ ನೋಯಿಸುತ್ತದೆ." ಪದ್ಯದಲ್ಲಿ ಶಾಲು ಇರಲಿಲ್ಲ. ಅದನ್ನು ನಾನೇ ಸೇರಿಸಿದ್ದು.

ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಕುರಿಗಾಹಿ ಮುದುಕರೊಬ್ಬರು ಪಕ್ಕದವರಿಗೆ ಹೇಳಿದ್ದು ಮೈಕಿನವರೆಗೂ ಕೇಳಿತು: "ಆ ಮಂತ್ರಿ ಯಾವನೋ ಕಾಣೆ, ಸರ್‍ಯಾಗ್ ಉಗುದ್ರು ಬುಡು."

ಸಾಹುಕಾರರು ಪುಟ ತಿರುವಲು ಎತ್ತಿದ ಕೈಯನ್ನು ಇಳಿಸಿದರು. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು, ಬಹಳ ದಿನಗಳ ಮೇಲೆ, ಬಾಯಿಂದ ಮಾತಾಡಿದರು: "ಪಂಡಿತ್ರೇ, ನನ್ನ ಹೊಟ್ಟೇಲಿದ್ದದ್ದನ್ನ ನನಗಿಂತ ಚೆನ್ನಾಗಿ ಹೇಳ್ಬುಟ್ರಲ್ಲ."

"ಅದನ್ನೇ ನಮ್ಮ ಶಾಸ್ತ್ರದಲ್ಲಿ ಮೊದಲು ಹೇಳುವುದು, ಸಾಹುಕಾರರೇ. ಎದುರಾಳಿಯ ಮಾತು."

"ಹಂಗಾದ್ರೆ ಎರಡ್ನೇ ತುಂಡೂ ಆಗ್ಲಿ," ಎಂದು ಅವರು, ಆ ಮಂತ್ರಿ ಕೈಮುಗಿದು ಅರಸನಿಗೆ ಕೊಡುವ ಉತ್ತರವನ್ನು ಎತ್ತಿಕೊಂಡರು. ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಚೆನ್ನಾಗಿ ಓದಿದ್ದನ್ನು ನಾನು ಕೇಳಿಲ್ಲ. ಓದಿ ಮುಗಿಸಿದರು. ನಾನು ಅರ್ಥ ಹೇಳುವುದನ್ನು ಮರೆತು ಅವರನ್ನೇ ನೋಡುತ್ತಿದ್ದೆ. "ಅರ್ಥ ಹೇಳಿ ಪಂಡಿತ್ರೇ, ಜನ ಕಾಯ್ತವ್ರೆ," ಎಂದು ಅವರೇ ನೀರಿನ ಲೋಟ ಸರಿಸಿದರು. ಸಭೆ ಮುಗಿದಾಗ ಚೀಲದಿಂದ ಅದೇ ಜರಿ ಶಾಲು ಹೊರಬಂತು. "ಅಂಗಡೀಲಿಟ್ರೆ ಯಾರೂ ಕೊಳ್ಳಲಿಲ್ಲ," ಎಂದು ನನ್ನ ಹೆಗಲಿಗೆ ಹಾಕಿದರು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಹಾಸ್ಯವೆಂದು ಬರೆಯುತ್ತಿರಲಿಲ್ಲ. ಆದರೆ ಸಭೆಯನ್ನು ಫೋನಿನಲ್ಲಿ ಚಿತ್ರಿಸುತ್ತಿದ್ದವರೊಬ್ಬರ ಫೋನು ಅರಸನ ಬೈಗುಳ ಮುಗಿಯುತ್ತಿದ್ದಂತೆ ತುಂಬಿಹೋಗಿತ್ತು. ಅವರು ಇದ್ದಷ್ಟನ್ನೇ ಕಳಿಸಿದರು. ನಾವಿಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುವಷ್ಟರಲ್ಲಿ ಅದು ಬಳಗವನ್ನು ಸೇರಿತ್ತು. ಮೇಲೊಂದು ಒಕ್ಕಣೆ: "ತಾನು ಸ್ನೇಹದ್ರೋಹಿ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡ ಪಂಡಿತರು." ಮರಿಹಕ್ಕಿ ಕಿಚಿಗುಟ್ಟಲಾರಂಭಿಸಿತು. ಮಧುಗಿರಿಯವರು ಸಂತೋಷಪಟ್ಟಿದ್ದರು. ಶಿರಾದವರೂ ಸಂತೋಷಪಟ್ಟಿದ್ದರು. ಜಿಲ್ಲಾಕೇಂದ್ರದ ವಿಷಯದಲ್ಲಿ ಎಂದೂ ಒಂದಾಗದ ಎರಡೂ ಊರುಗಳು ನನ್ನ ವಿಷಯದಲ್ಲಿ ಒಂದಾಗಿದ್ದವು.

"ಒಂದು ಉತ್ತರ ಬರೆಯುತ್ತೇನೆ," ಎಂದೆ.

"ಹೆಂಗೆ ಶುರು ಮಾಡ್ತೀರಿ?"

"ಮೊದಲು ಅವರ ಆಕ್ಷೇಪವನ್ನು ಸಮರ್ಥವಾಗಿ ಮಂಡಿಸಿ..."

ಸಾಹುಕಾರರು ಮುಂದೆ ಕೇಳಲಿಲ್ಲ. ನನ್ನ ಕೈಯಿಂದ ಫೋನನ್ನೂ ಹೆಗಲಿನಿಂದ ಶಾಲನ್ನೂ ತೆಗೆದು, ಫೋನನ್ನು ಶಾಲಿನ ನಡುವೆ ಇಟ್ಟು, ಮಡಿಕೆಯ ಮೇಲೆ ಮಡಿಕೆ ಹಾಕಿ ನನ್ನ ತೊಡೆಯ ಮೇಲಿಟ್ಟರು. "ಊರು ಬರೋವರ್ಗೂ ಇದನ್ನ ಬಿಚ್ಚಕೂಡದು."

ಫೋನು ಒಳಗಿನಿಂದಲೇ ಬಿಡದೆ ಕಿಚಿಗುಟ್ಟುತ್ತಿತ್ತು, ಆಗಾಗ ನಡುಗುತ್ತಲೂ ಇತ್ತು. ಕೊರಟಗೆರೆ ದಾಟುತ್ತಲೇ ಕಂಡಕ್ಟರು ಬಂದು, ನನ್ನ ತೊಡೆಯ ಮೇಲೆ ಅಲುಗಾಡುತ್ತಿದ್ದ ಶಾಲಿನ ಗಂಟನ್ನು ನೋಡಿ, ಬಗ್ಗಿ ಕಿವಿಗೊಟ್ಟು ಹೇಳಿದ:

"ಯಜಮಾನ್ರೇ, ಕೋಳಿಮರಿಗೂ ಅರ್ಧ ಟಿಕೆಟ್ ತಗೋಬೇಕು. ಇಲ್ಲಾಂದ್ರೆ ಬಿಚ್ಚಿ ತೋರ್ಸಿ."

ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ನಾನು, ಬಿಚ್ಚಲು ಕೈ ಹಾಕಿದೆ. ಸಾಹುಕಾರರು ನನ್ನ ಕೈ ಹಿಡಿದುಕೊಂಡು, ಇನ್ನೊಂದು ಕೈಯನ್ನು ಜೇಬಿಗೆ ಹಾಕುತ್ತ ಹೇಳಿದರು: "ಬಿಚ್ಚಿಸ್ಬ್ಯಾಡ ಕಂಡಕ್ಟ್ರೇ. ಎರಡು ಫುಲ್ಲು, ಒಂದು ಕೋಳಿ ಕೊಡು."