ಸರ್ಪಸುತ್ತು ಹೋಯ್ತು, ಉರಿ ಹೋಗ್ಲಿಲ್ಲ

ಕಣ್ಣಿಗೆ ಕಾಣದ ನೋವು ಬಂದವರಿಗೆ ಬೀದಿಯವರೆಲ್ಲ ಡಾಕ್ಟರೇ. ಬನಶಂಕರಿಯ ನಮ್ಮ ಬೀದಿಯಲ್ಲಂತೂ ವಾರಕ್ಕೊಬ್ಬರು ಹೊಸಬರು ಪಾಸಾಗ್ತಾರೆ. ಹೋದ ವರ್ಷ ನನ್ನ ಎಡಪಕ್ಕೆಗೆ ಸರ್ಪಸುತ್ತು ಆಯ್ತು. ಗುಳ್ಳೆಗಳು ಒಣಗಿ ಉದುರಿದವು, ಒಳಗಿನ ನರ ಮಾತ್ರ ಇನ್ನೂ ಉರೀತಾನೇ ಇದೆ. ರವಿಕೆ ತಾಗಿದರೂ ಕಾದ ಕಾವಲಿ ಒತ್ತಿದ ಹಾಗೆ.

ಪಕ್ಕದ ಮನೆ ಆಂಟಿ

"ಎಲ್ಲಿ, ತೋರ್ಸಮ್ಮ" ಅಂದ್ರು. ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ, "ಏನೂ ಕಾಣ್ತಿಲ್ಲವಲ್ಲ. ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀಯ" ಅಂದ್ರು.

ನನಗೆ ರೇಗಿತು. "ಆಂಟಿ, ನಿಮ್ಮ ಸೊಸೆಗೆ ನಿಮ್ಮ ಮೇಲಿರೋ ಪ್ರೀತೀನೂ ಕಾಣಲ್ಲ. ಇದೆ ಅಂತ ನೀವು ನಂಬಿಲ್ವಾ?" ಅಂದೆ.

ಆಂಟಿ ಮಾತು ಬಿಟ್ಟರು. ಸೊಸೆ ಮಾತ್ರ ಆವತ್ತಿನಿಂದ ನಮ್ಮನೆಗೆ ತಪ್ಪದೇ ಹುಳಿ ಕಳಿಸ್ತಾಳೆ.

ಹೆಡ್ ಮಿಸ್

ನಾನು ಜಯನಗರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ಒಂದಿನ ಬೋರ್ಡಿನ ಮೇಲೆ ತ್ರಿಕೋನ ಬರೆದು ತಿರುಗಿದರೆ ಅದರ ಹೆಸರೇ ನೆನಪಿಗೆ ಬರ್ಲಿಲ್ಲ. ಮಕ್ಕಳೆಲ್ಲ ನನ್ನನ್ನೇ ನೋಡ್ತಾ ಕೂತಿದ್ದರು. ಸ್ಟಾಫ್ ರೂಮಿಗೆ ಬಂದು ಅತ್ತುಬಿಟ್ಟೆ.

ಸುದ್ದಿ ಹೆಡ್ ಮಿಸ್‌ಗೆ ಮುಟ್ಟಿತು. ಕರೆಸಿ, "ನೋವನ್ನೆಲ್ಲ ಮನೇಲೇ ಬಿಟ್ಟು ಬರಬೇಕು" ಅಂದ್ರು.

"ಬಿಟ್ಟೇ ಹೊರಟಿದ್ದೆ ಮೇಡಂ. ಅದು ನನಗಿಂತ ಮೊದಲೇ ಬಸ್ ಹತ್ತಿ ಕೂತಿತ್ತು. ನಾನು ನಿಂತ್ಕೊಂಡು ಬಂದೆ."

ಯಜಮಾನರು

ಕೊನೆಗೆ ಇವರ ಜೊತೆ ನರರೋಗದ ಡಾಕ್ಟರ ಹತ್ರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನರದ ನೋವು ಬಹಳ ಕಾಲ ನಿಂತ್ರೆ ಮೆದುಳಿನ ಭಾಗಗಳ ನಡುವಿನ ಸಂಪರ್ಕವೇ ಬದಲಾಗಬಹುದಮ್ಮ. ಗಮನ, ನೆನಪು, ನಿದ್ದೆ, ಎಲ್ಲಕ್ಕೂ ಪೆಟ್ಟು ಬೀಳುತ್ತೆ. ಇದು ನೀವು ಕಲ್ಪಿಸ್ಕೊಂಡಿದ್ದಲ್ಲ."

ಆ ಕೊನೆಯ ಮಾತಿಗೆ ನನ್ನ ಕಣ್ಣು ತುಂಬಿತು. ಯಜಮಾನರೂ ಗಂಭೀರವಾಗಿ ತಲೆಯಾಡಿಸಿದರು.

ಆಟೋ ಹತ್ತಿದ್ದೇ ತಡ, ಚಿಕ್ಕಲಸಂದ್ರದಲ್ಲಿರೋ ತಮ್ಮ ತಾಯಿಗೆ ಫೋನ್ ಮಾಡಿದರು. "ಏನಿಲ್ಲಮ್ಮ, ಎಲ್ಲಾ ಇವಳ ತಲೇಲಿರೋದಂತೆ."

ಪಕ್ಕೆಯ ಉರಿ ನೆತ್ತಿಗೇರಿತು. ಫೋನ್ ಕಿತ್ಕೊಂಡೆ. "ಅತ್ತೆ, ನಿಮ್ಮ ಮಗನ ತಲೇನೂ ಒಂದ್ಸಲ ಸ್ಕ್ಯಾನ್ ಮಾಡಿಸ್ತೀನಿ. ಒಳಗೆ ಏನಾದ್ರೂ ಇದೆಯಾ ನೋಡೋಣ."

ಅತ್ತೆ ತಣ್ಣಗೆ ಅಂದರು: "ಬೇಡ ಬಿಡಮ್ಮ. ಅವರಪ್ಪಂದೂ ಮಾಡ್ಸಿದ್ವಲ್ಲ, ಏನೂ ಸಿಗಲಿಲ್ಲ."