ಮಹಾಸಂಚಿಕೆ ನೋಡಲು ಚಿತ್ತಾಪುರಕ್ಕೆ ಹೋದದ್ದು

ಪೊಲೀಸರು ನನ್ನನ್ನು ಕೇಳಿ ಕೆಲಸ ಮಾಡಿದ್ದರೆ ಈ ನಾಡಿನಲ್ಲಿ ಒಬ್ಬ ಕಳ್ಳನೂ ಹೊರಗೆ ಉಳಿಯುತ್ತಿರಲಿಲ್ಲ. ಇದು ಜಂಬದ ಮಾತಲ್ಲ. ಟಿವಿಯ ಪತ್ತೇದಾರಿ ಧಾರಾವಾಹಿಯಲ್ಲಿ ಇನ್ಸ್‌ಪೆಕ್ಟರ್ ಮಂದಾಕಿನಿ ಮಾಡಿದ ಒಂದೊಂದು ತಪ್ಪನ್ನೂ ಸೇಡಂನ ನಮ್ಮ ಪಡಸಾಲೆಯಲ್ಲಿ ಕೂತು, ಮೆಂತ್ಯದ ಸೊಪ್ಪು ಬಿಡಿಸುತ್ತಲೇ ತಿದ್ದಿದವಳು ನಾನು. ಪಾಪ, ಅದು ಮಂದಾಕಿನಿಗೆ ಕೇಳಿಸುತ್ತಿರಲಿಲ್ಲ!

ಕೇಳಿಸುತ್ತಿದ್ದದ್ದು ನೀಲಮ್ಮನಿಗೆ. ಪಕ್ಕದ ಮನೆಯವಳು. ನಾನು ಹೌದು ಎಂದದ್ದನ್ನೆಲ್ಲ ಅಲ್ಲ ಎನ್ನುವುದಕ್ಕೇ ಹುಟ್ಟಿದವಳು. ಸಂಜೆ ಧಾರಾವಾಹಿಯ ಹೊತ್ತಿಗೆ ಬಂದು ನಮ್ಮ ಸೋಫಾದ ಎಡತುದಿಯಲ್ಲಿ ಕಾಲು ಮಡಚಿ ಕೂತಳೆಂದರೆ ನ್ಯಾಯಾಲಯದ ಕಲಾಪ ಆರಂಭವಾದಂತೆ.

"ನೋಡು, ಆ ಪಾಳು ಗೋದಾಮಿಗಿ ಒಬ್ಬಾಕಿನೇ ಹೊಂಟಾಳ! ಅಕ್ಕಲ್ ಅದೇನು ಅಕಿಗಿ? ಹೋಗೂಕಿಂತ ಮೊದಲ ಒಂದು ಫೋನ್ ಮಾಡಬೇಕಿಲ್ಲೋ?" ಎಂದು ನಾನು.

"ಮನಸು ಎಳದ ಮ್ಯಾಲ ಫೋನ್ ಹಚ್ಚಿಕೋತ ಕುಂದರ್ತಾರೇನು? ಹೋಗ್ತಾರ!" ಎಂದು ಅವಳು.

ಜಾಹೀರಾತು ಬಂದಾಗ ಜಗಳ. ಸಂಚಿಕೆ ಮುಗಿದ ಮೇಲೆ ಕಂಪೌಂಡಿನ ಆಚೆ ಈಚೆ ನಿಂತು ಮತ್ತೆ ಜಗಳ. ನೋಡಿದವರು ಇವರಿಬ್ಬರಿಗೂ ಆಗಿಬರುವುದಿಲ್ಲ ಎಂದುಕೊಳ್ಳುತ್ತಿದ್ದರು.

ಹೋದ ವರ್ಷ ಅವಳ ಗಂಡ ಗುರುಲಿಂಗಪ್ಪನವರಿಗೆ ಚಿತ್ತಾಪುರಕ್ಕೆ ವರ್ಗವಾಯಿತು. ಚಿತ್ತಾಪುರವೇನು ಕಾಶಿಯೇ? ರೈಲು ಹತ್ತಿ ಒಂದು ಆಕಳಿಕೆ ತೆಗೆಯುವುದರೊಳಗೆ ಬರುತ್ತದೆ. ಆದರೆ ದಿನಾ ಸಂಜೆ ರೈಲು ಹತ್ತಲಿಕ್ಕಾಗುತ್ತದೆಯೇ? ಫೋನಿನಲ್ಲಿ ಮಾತಾಡುತ್ತಿದ್ದೆವು: ಆರಾಮ ಇದ್ದೀಯಾ, ಊಟ ಆಯ್ತಾ, ನಳದಲ್ಲಿ ನೀರು ಬಂತಾ. ಜಗಳಕ್ಕೆ ಫೋನು ಒಗ್ಗುವುದಿಲ್ಲ. ಎದುರಿನವಳ ಮುಖ ಕೆಂಪಾಗುವುದು ಕಾಣದಿದ್ದರೆ ಅದೇನು ಜಗಳ!

ಬದಲಿಗೆ ನಮ್ಮ ಯಜಮಾನರನ್ನು ಕೂರಿಸಿಕೊಂಡು ನೋಡಿದೆ.

"ಮಂದಾಕಿನಿ ಮಾಡಿದ್ದು ತಪ್ಪಲ್ಲೇನ್ರಿ?"

"ತಪ್ಪೇ."

"ಒಂದು ನಮೂನಿ ನೋಡಿದ್ರ ಖರೇನೂ ಅನಸ್ತದ."

"ಖರೇನೇ."

ಇಂಥವರ ಜೊತೆ ಸಂಸಾರ ಮಾಡಬಹುದು. ಧಾರಾವಾಹಿ ನೋಡಲು ಸಾಧ್ಯವಿಲ್ಲ!

ಸೋಫಾದ ಆ ಖಾಲಿ ತುದಿ ನೋಡಿದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದು ಅವಳಿಗೆ ಒಂದು ಸಲ ಹೇಳಬೇಕು ಅನ್ನಿಸುತ್ತಿತ್ತು. ಇಷ್ಟು ವರ್ಷ ಬರೀ ಬೈದ ಬಾಯಿ. ಆ ಮಾತು ಫೋನಿನಲ್ಲಿ ಹೊರಡುತ್ತಲೇ ಇರಲಿಲ್ಲ. ಎದುರಾ ಎದುರು ಕೂತರೆ ಹೇಗೋ ಹೇಳಬಹುದು ಎಂದುಕೊಂಡಿದ್ದೆ.

ಅಷ್ಟರಲ್ಲಿ ಧಾರಾವಾಹಿ ಮುಗಿಯುವ ಸುದ್ದಿ ಬಂತು. ಭಾನುವಾರ ಮಧ್ಯಾಹ್ನ ಮಹಾಸಂಚಿಕೆ! ಮಂದಾಕಿನಿ ಹುಡುಕುತ್ತಿದ್ದ ಕೊಲೆಗಾರ್ತಿ ಅವಳ ಬಾಲ್ಯದ ಗೆಳತಿಯೇ ಎಂದು ಗೊತ್ತಾಗಿಬಿಟ್ಟಿತ್ತು. ಹಿಡಿಯುತ್ತಾಳೋ, ಬಿಡುತ್ತಾಳೋ? ಇಂಥ ಪ್ರಶ್ನೆಯನ್ನು ನೀಲಮ್ಮನ ಪಕ್ಕದಲ್ಲಿ ಕೂರದೆ ನೋಡುವುದುಂಟೇ? ಹೇಳದೆ ಕೇಳದೆ ಹೋಗಿ ಅವಳ ಮುಂದೆ ನಿಂತುಬಿಡಬೇಕೆಂದು ತೀರ್ಮಾನಿಸಿದೆ. ಶೇಂಗಾ ಹೋಳಿಗೆ ಕಟ್ಟಿಕೊಂಡೆ.

"ಒಂದು ಫೋನ್ ಮಾಡಿ ಹೋಗು," ಎಂದರು ಯಜಮಾನರು.

ಮದುವೆಯಾದಂದಿನಿಂದ ಅವರು ನನ್ನ ಮಾತಿಗೆ ಎದುರಾಡಿದ್ದು ಅದೇ ಮೊದಲು. ನಾನು ಕೇಳಲಿಲ್ಲ!

ಚಿತ್ತಾಪುರದಲ್ಲಿ ಬಾಗಿಲು ತೆರೆದವರು ಬನಿಯನ್ ತೊಟ್ಟ ಗುರುಲಿಂಗಪ್ಪನವರು. ನನ್ನನ್ನು ನೋಡಿ ಹೌಹಾರಿದರು.

"ಅಯ್ಯ ವೈನಿ, ನೀವು ಇಲ್ಲಿಗಿ ಬಂದ್ರಿ?"

"ಬರಬಾರದೇನ್ರಿ? ಎಲ್ಲ್ಯಾಳ ನಿಮ್ಮಾಕಿ?"

"ಅಕಿ ನಿಮ್ಮ ಮನಿಗೇ ಹೋಗ್ಯಾಳಲ್ರಿ, ಬಸ್ಸಿಗಿ! ನಿಮಗ ಹೇಳಬ್ಯಾಡಂತ ನನಗ ಆಣಿ ಹಾಕಿ ಹೋಗ್ಯಾಳ."

ನಾನು ರೈಲಿನಲ್ಲಿ, ಅವಳು ಬಸ್ಸಿನಲ್ಲಿ. ಕೈಯಲ್ಲಿದ್ದ ಫೋನು ಆಗಲೇ ಬಡಿದುಕೊಳ್ಳತೊಡಗಿತು.

"ಏ, ಎಲ್ಲಿದ್ದೀ?" ನೀಲಮ್ಮನ ದನಿ.

"ನಿನ್ನ ಮನ್ಯಾಗ!"

"ನಾ ನಿನ್ನ ಮನ್ಯಾಗ! ಒಂದು ಫೋನ್ ಮಾಡ್ಲಿಕ್ಕಿ ಏನಾಗಿತ್ತು ನಿನಗ?"

ಫೋನ್ ಮಾಡಿ ಹೋಗಬೇಕೆಂದು ಇಡೀ ಇಲಾಖೆಗೆ ಬುದ್ಧಿ ಹೇಳಿದ ನಾನು ಹೋಳಿಗೆಯ ಗಂಟನ್ನು ಗುರುಲಿಂಗಪ್ಪನವರ ಕೈಗಿಟ್ಟು ಒಳಗೆ ನಡೆದೆ. ಮಹಾಸಂಚಿಕೆ ಶುರುವಾಗುವುದರಲ್ಲಿತ್ತು. ತಿರುಗಿ ಹೋಗುವ ದಾರಿಯಿಲ್ಲ. ಅವಳು ನನ್ನ ಸೋಫಾದಲ್ಲಿ, ನಾನು ಅವಳ ಸೋಫಾದಲ್ಲಿ ಕೂತೆವು. ಹೋಳಿಗೆಯನ್ನು ಗುರುಲಿಂಗಪ್ಪನವರು ತಿನ್ನತೊಡಗಿದರು.

ಅಷ್ಟರಲ್ಲಿ ಒಬ್ಬ ಹೆಂಗಸು ಬಟ್ಟಲಲ್ಲಿ ಅವಲಕ್ಕಿ ಚೂಡಾ ಹಿಡಿದುಕೊಂಡು ಸರಾಗವಾಗಿ ಒಳಗೆ ಬಂದು ನನ್ನ ಪಕ್ಕ ಕೂತಳು. ಇಲ್ಲಿನ ಪಕ್ಕದ ಮನೆಯವಳಂತೆ, ಹೆಸರು ಸುವರ್ಣಾ.

"ದಿನಾ ಬರ್ತೀರೇನು?" ಎಂದೆ.

"ದಿನಾ ಬರ್ತೀನ್ರಿ! ಇಬ್ರೂ ಕೂಡೇ ನೋಡ್ತೀವಿ."

ನಾನು ಅಲ್ಲಿ ಖಾಲಿ ಸೋಫಾ ನೋಡಿ ಕಣ್ಣೊರೆಸಿಕೊಳ್ಳುವುದು, ನೀಲಮ್ಮ ಇಲ್ಲಿ ಚೂಡಾ ಹಂಚಿಕೊಳ್ಳುವುದು! ಮೊದಲ ಜಾಹೀರಾತು ಬರುವವರೆಗೆ ನಾನು ಸುವರ್ಣಾಳತ್ತ ತಿರುಗಲೇ ಇಲ್ಲ. ಅವಳೇ ಕೇಳಿದಳು:

"ನೀವು ಸೇಡಂ ಅಕ್ಕಾರಲ್ರಿ? ನಿಮ್ಮಿಂದ ಭಾಳ ಪರೇಶಾನ್ ಆಗೀನಿ ನೋಡ್ರಿ. ನಾ ಏನರ ಅಂದ್ರ ನೀಲಕ್ಕ, 'ನಿನಗ ತಿಳ್ಯಾಂಗಿಲ್ಲ, ನಮ್ಮ ಸೇಡಂದಾಕಿ ಇದ್ದಿದ್ರ ಹಿಂಗ ಅಂತಿದ್ದಳು' ಅಂತ ನಿಮ್ಮ ಮಾತೇ ಹೇಳ್ತಾರ. ನೀವಂದಿದ್ದೇ ಖರೆ ಅಂತ ನನ್ನ ಕೂಡ ಜಗಳಾ ಮಾಡ್ತಾರ!"

ನನ್ನ ಮುಖದ ಮೇಲೆ ಒಂದು ಮಾತನ್ನೂ ಒಪ್ಪದವಳು ನನ್ನ ಬೆನ್ನ ಹಿಂದೆ ನನ್ನ ವಕೀಲಿಕೆ ಮಾಡುತ್ತಿದ್ದಳು! ಟಿವಿ ಮಂಜಾಯಿತು. ಟಿವಿಯ ತಪ್ಪಲ್ಲ, ನನ್ನ ಕಣ್ಣಿನದು. ಸುವರ್ಣಾಳ ಬಟ್ಟಲಿನಿಂದ ಒಂದು ಹಿಡಿ ಚೂಡಾ ತೆಗೆದುಕೊಂಡೆ.

ಕೊನೆಗೆ ಮಂದಾಕಿನಿ ಗೆಳತಿಗೆ ತನ್ನ ಕೈಯಾರೆ ಬೇಡಿ ಹಾಕಿದಳು. ಹಾಕಿ, ಅಲ್ಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತಕ್ಷಣ ನೀಲಮ್ಮನ ಫೋನು.

"ಈಗ ಏನೂ ಅನಬ್ಯಾಡ. ಬಸ್ ಹಿಡಿ. ಮಳಖೇಡದಾಗ ಇಳಿ, ನಾನೂ ಇಳಿತೀನಿ. ಚಹಾ ಕುಡಕೋತ ಮಾತಾಡೋಣ."

ಸೇಡಂಗೂ ಚಿತ್ತಾಪುರಕ್ಕೂ ನಡುವಿನ ಊರು ಮಳಖೇಡ. ಬಸ್ಸಿನಲ್ಲಿ ಕೂತು ನಾನು ದಾರಿಯುದ್ದಕ್ಕೂ ತಾಲೀಮು ಮಾಡಿದೆ. ಮೊದಲು ಕೈ ಹಿಡಿಯುವುದು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎನ್ನುವುದು. ಆಮೇಲೆ ಚಹಾ. ಮಂದಾಕಿನಿ ಎಲ್ಲಕ್ಕಿಂತ ಕೊನೆಗೆ.

ಆದರೆ ನಡುದಾರಿಯಲ್ಲಿ ಒಂದು ಮದುವೆ ದಿಬ್ಬಣ ನಮ್ಮ ಬಸ್ಸು ಹತ್ತಿತು. ಟ್ರಂಕು, ಹಾಸಿಗೆಯ ಸುರುಳಿ, ತೊಟ್ಟಿಲ ಕೂಸು! ಮಳಖೇಡ ಬಂದಾಗ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ಇಳಿಯುವುದಿರಲಿ, ಕಾಲೆತ್ತಲೂ ಜಾಗವಿಲ್ಲ. ಎದುರಿನಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸು ಬಂದು ಪಕ್ಕಕ್ಕೇ ನಿಂತಿತು. ಅದರ ಕಿಟಕಿಯಲ್ಲಿ, ಎರಡು ಚೀಲ ತೊಗರಿಯ ಹಿಂದೆ ಸಿಕ್ಕಿಕೊಂಡು, ನೀಲಮ್ಮ!

ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸೊರಗಿದ್ದಳು. ನನ್ನ ಎದೆ ತುಂಬಿ ಬಂತು. ಬಾಯಿ ತೆರೆದೆ.

"ರಾಜೀನಾಮಾ ಯಾಕ ಕೊಡಬೇಕಿತ್ತು ಅಕಿ?"

"ಕೊಡದ ಏನು ಮಾಡ್ತಾಳ? ಗೆಳತಿಗಿ ಬೇಡಿ ಹಾಕಿದ ಕೈಲೆ ಮತ್ತ ಕೆಲಸಾ ಮಾಡ್ಲಿಕ್ಕಾಗ್ತದೇನು?"

"ಕಾನೂನು ಅಂಬೋದು ಬ್ಯಾಡೇನು?"

"ಕರುಳು ಅಂಬೋದು ಬ್ಯಾಡೇನು?"

ಎರಡೂ ಬಸ್ಸಿನವರು ಮಹಾಸಂಚಿಕೆ ನೋಡಿಯೇ ಹೊರಟಿದ್ದರೆಂದು ಕಾಣುತ್ತದೆ. ನನ್ನ ಬಸ್ಸಿನ ಮದುವೆ ಹುಡುಗಿಯ ಸೋದರಮಾವ ನೀಲಮ್ಮನ ಪಕ್ಷ ಸೇರಿದರು. ಅವಳ ಬಸ್ಸಿನ ಕಂಡಕ್ಟರ್, "ಅಕಿನ್ನ ಬಿಟ್ಟುಬಿಡಬೇಕಿತ್ರಿ!" ಎಂದು ಮೂರನೆಯ ಪಕ್ಷ ಕಟ್ಟಿದ. ನೀಲಮ್ಮನ ಮುಖ ಕೆಂಪಾಗಿತ್ತು. ಒಂದು ವರ್ಷದಿಂದ ನಾನು ಕಾದದ್ದು ಆ ಮುಖಕ್ಕೇ. ಏನು ಸುಖ, ಏನು ಸುಖ! ಆ ಸುಖದಲ್ಲಿ ಹೇಳಬೇಕಾದದ್ದು ಮರೆತೇ ಹೋಯಿತು.

ಕಂಡಕ್ಟರ್ ಸೀಟಿ ಊದಿದ. ಬಸ್ಸುಗಳೆರಡೂ ಒಮ್ಮೆಲೇ ಹೊರಟವು. ಆಗ ನೆನಪಾಯಿತು. ಸರಳುಗಳ ನಡುವೆ ಮುಖ ತೂರಿಸಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ:

"ನೀ ಇಲ್ದ ಮನಿ ಬಿಕೋ ಅಂತದ! ನಿನ್ನ ಬಿಟ್ಟು ನನಗ ಇರ್ಲಿಕ್ಕಾಗವಲ್ದು!"

ಅಷ್ಟರಲ್ಲಿ ನೀಲಮ್ಮನ ಕಿಟಕಿ ಮುಂದೆ ಸರಿದಿತ್ತು. ನನ್ನೆದುರಿಗಿದ್ದದ್ದು ಅವಳ ಬಸ್ಸಿನ ಕೊನೆಯ ಕಿಟಕಿ. ಅಲ್ಲಿ ಬಿಳಿ ರುಮಾಲಿನ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದರು. ಮೆಲ್ಲಗೆ ಗಾಜು ಎಳೆದುಕೊಂಡರು.